ಕಮಿಷನ್ ಬರೀ 500 ಅಂತೆ!

ಕಳೆದ ಭಾನುವಾರ ತ್ಯಾಗರಾಜನಗರದ ಅಕ್ಕನ ಮನೆಯಲ್ಲಿ ಊಟ. ಅಕ್ಕನ ಮಗಳು ಎಂಎಸ್ ಓದೋಕೆ ಜರ್ಮನಿಗೆ ಹೊರಟಿದ್ದಾಳೆ. ಬಿಸಿಬೇಳೆಬಾತ್ ತಟ್ಟೆಗೆ ಬೀಳೋ ಮುಂಚೆಯೇ ಭಾವ ಒಂದು ಮಡಚಿದ ಕಾಗದ ತಂದು ನನ್ನ ಮುಂದೆ ಇಟ್ಟರು. "ನೋಡು, ನಮ್ಮ ಬ್ರ್ಯಾಂಚಿನವರು ಎಷ್ಟು ಒಳ್ಳೆಯವರು. ಇಷ್ಟು ದೊಡ್ಡ ಮೊತ್ತ ಕಳಿಸೋಕೆ ಕಮಿಷನ್ ಬರೀ 500 ಅಂತೆ!"

ದೊಡ್ಡ ಮೊತ್ತ ಅಂದರೆ 11,904 ಯೂರೋ. ಜರ್ಮನಿಯ ವಿದ್ಯಾರ್ಥಿ ವೀಸಾ ಬೇಕು ಅಂದರೆ ಒಂದು ವರ್ಷದ ಖರ್ಚಿನ ದುಡ್ಡನ್ನ ಮೊದಲೇ ಅಲ್ಲಿಯ 'ಬ್ಲಾಕ್ಡ್ ಅಕೌಂಟ್'ನಲ್ಲಿ ಹಾಕಿ ತೋರಿಸಬೇಕು. ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ಕೈಗೆ ಬಿಡ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಲೆಕ್ಕ ಇದು.

ಕಾಗದ ಬಿಡಿಸಿ ನೋಡಿದೆ. 500 ರೂಪಾಯಿ ಕಮಿಷನ್ ದಪ್ಪಕ್ಷರದಲ್ಲಿತ್ತು. ಯೂರೋ ದರ ಕೆಳಗೆ, ಒಂದು ಮೂಲೆಯಲ್ಲಿ. ನಿಜವಾದ ಅಂಕಿ ಬರೆದರೆ ನಾಳೆಗೆ ಹಳಸುತ್ತೆ, ಅದಕ್ಕೇ ಮಾರುಕಟ್ಟೆಯಲ್ಲಿ ಯೂರೋಗೆ 100 ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಬ್ರ್ಯಾಂಚಿನವರು ಹಾಕಿದ್ದು ಆ ಲೆಕ್ಕದಲ್ಲಿ 102 ರೂಪಾಯಿ 40 ಪೈಸೆ. ಎರಡೂವರೆ ರೂಪಾಯಿ ತಾನೇ ಅನ್ನಿಸುತ್ತೆ. 11,904ರಿಂದ ಗುಣಿಸಿ ನೋಡಿ: 28,569 ರೂಪಾಯಿ ಚಿಲ್ಲರೆ. ಪಕ್ಕದಲ್ಲೇ ಇನ್ನೊಂದು ಕಡೆ ವಿಚಾರಿಸಿದಾಗ ದರ ಸುಮಾರು 100 ರೂಪಾಯಿ 60 ಪೈಸೆ, ಫೀಸು 1,000. ಅಂದರೆ ಒಟ್ಟು ಎಂಟು ಸಾವಿರ ಚಿಲ್ಲರೆ. ಫೀಸು ಡಬಲ್, ಉಳಿತಾಯ ಹತ್ತಿರ ಹತ್ತಿರ 21,000.

ಭಾವ ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಮೂರು ಸಲ ಒತ್ತಿ ನೋಡಿದರು. ಆಮೇಲೆ ಮಾತಾಡಲಿಲ್ಲ. ಅಕ್ಕ ಮಾತ್ರ, "ಅಲ್ವೋ, ಅಷ್ಟು ದುಡ್ಡಿಗೆ ಮಗು ಫ್ಲೈಟ್ ಟಿಕೆಟ್ಟಿಗೆ ಅರ್ಧ ಆಗ್ತಿತ್ತಲ್ಲೋ" ಅಂದಳು.

ನನಗೆ ಸಿಟ್ಟು ಬರೋದು ಇಲ್ಲೇ. ಲಾಭ ಮಾಡಿಕೊಳ್ಳಲಿ, ಬೇಡ ಅನ್ನಲ್ಲ, ಅವರದ್ದೂ ವ್ಯಾಪಾರ. ಆದರೆ ತರಕಾರಿ ಅಂಗಡಿಯವನು ಕೂಡ ಕೆಜಿಗೆ ಇಷ್ಟು ಅಂತ ಬಾಯಿಬಿಟ್ಟು ಹೇಳ್ತಾನೆ. ಇಲ್ಲಿ ಫೀಸು ಅನ್ನೋ ಬಾಗಿಲಿಗೆ ದೀಪ ಹಾಕಿ, ದರ ಅನ್ನೋ ಹಿತ್ತಲಿಂದ ಮೂಟೆ ಹೊರೋದು. 'ಝೀರೋ ಫೀ' ಜಾಹೀರಾತು ಕಂಡರೆ ನಾನು ಮೊದಲು ದರ ನೋಡ್ತೀನಿ. ಮಾರುಕಟ್ಟೆ ದರ ಗುಟ್ಟೇನಲ್ಲ. ಡಾಲರ್, ಯೂರೋ, ಪೌಂಡ್, ಯೆನ್‌ಗಳ ಆಧಾರ ದರವನ್ನ ಎಫ್‌ಬಿಐಎಲ್ ಅನ್ನೋ ಸಂಸ್ಥೆ ಕೆಲಸದ ದಿನ ಮಧ್ಯಾಹ್ನ ಪ್ರಕಟಿಸುತ್ತೆ. 2018ಕ್ಕೆ ಮುಂಚೆ ಆ ಕೆಲಸ ರಿಸರ್ವ್ ಬ್ಯಾಂಕೇ ಮಾಡ್ತಿತ್ತು. ಯುರೋಪಿನಲ್ಲಂತೂ 2020ರಿಂದ ಕಾರ್ಡಿನ ಕರೆನ್ಸಿ ಬದಲಾವಣೆಗೆ ಎಷ್ಟು ಹೆಚ್ಚು ಹಾಕಿದ್ದೇವೆ ಅನ್ನೋದನ್ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕೆ ಹೋಲಿಸಿ ಶೇಕಡಾವಾರು ತೋರಿಸಲೇಬೇಕು ಅಂತ ಕಾನೂನಿದೆ. ಭಾವನ ಕಾಗದದಲ್ಲಿ ಅಂಥ ಒಂದು ಸಾಲಿದ್ದಿದ್ದರೆ ನನ್ನ ಬಿಸಿಬೇಳೆಬಾತ್ ಆರ್ತಿರಲಿಲ್ಲ.

ಜಿಎಸ್‌ಟಿ ಒಂದಷ್ಟು ಬೀಳುತ್ತೆ, ಇಷ್ಟು ಮೊತ್ತಕ್ಕೆ ಸುಮಾರು 1,000 ರೂಪಾಯಿ, ಎಲ್ಲಿ ಹೋದರೂ ತಪ್ಪಲ್ಲ. ಹೊರದೇಶಕ್ಕೆ ಕಳಿಸುವಾಗ ಬ್ಯಾಂಕು ಮುಂಗಡವಾಗಿ ಹಿಡಿಯೋ ತೆರಿಗೆ, ಟಿಸಿಎಸ್, ಅದರ ಹೆಸರು ಕೇಳಿ ಹೆದರೋರು ಬಹಳ ಜನ. 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಮಾತ್ರ, ಮೊದಲು 7 ಲಕ್ಷ ಇತ್ತು. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಅದೂ ಇಲ್ಲ. ಹಿಡಿದದ್ದು ತೆರಿಗೆ ಇಲಾಖೆಯ ನಮ್ಮ ಲೆಕ್ಕದಲ್ಲಿ ಕಾಣುತ್ತೆ, ರಿಟರ್ನ್ಸ್ ಹಾಕುವಾಗ ತೆರಿಗೆಗೆ ವಜಾ ಆಗುತ್ತೆ. ಅದು ಹೋದ ದುಡ್ಡಲ್ಲ. ದರದಲ್ಲಿ ಹೋದದ್ದೇ ಹೋದದ್ದು.

ಇನ್ನೊಂದು ಕಿರಿಕಿರಿ. ಸ್ವಿಫ್ಟ್‌ನಲ್ಲಿ ಕಳಿಸಿದರೆ ದುಡ್ಡೇ ಹಾರಿ ಹೋಗುತ್ತೆ ಅಂದುಕೊಂಡಿದ್ದೆ ನಾನೂ. ಸ್ವಿಫ್ಟ್ ಅನ್ನೋದು 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಸಂಸ್ಥೆ, ಅದು ಸಾಗಿಸೋದು ಬರೀ ಸಂದೇಶ. ನಮ್ಮ ಬ್ಯಾಂಕಿಗೂ ಅಲ್ಲಿಯ ಬ್ಯಾಂಕಿಗೂ ನೇರ ಖಾತೆ ಸಂಬಂಧ ಇಲ್ಲದಿದ್ದರೆ ಮಧ್ಯೆ ಒಂದೋ ಎರಡೋ ಬ್ಯಾಂಕು ನಿಲ್ತವೆ, ನಿಂತವರು ಕೈ ಹಾಕ್ತಾರೆ. ಆ ಖರ್ಚು ಯಾರದು ಅಂತ ಹೇಳೋಕೆ ಫಾರಂನಲ್ಲಿ 'ಅವರ್' (OUR, ಕಳಿಸೋರದ್ದು), 'ಶೇರ್' (SHA, ಇಬ್ಬರದ್ದು), 'ಬೆನ್' (BEN, ಪಡೆಯೋರದ್ದು) ಅಂತ ಮೂರು ಚೌಕ ಇರುತ್ತೆ, ಗುಮಾಸ್ತರು ಕೇಳದೇ 'ಶೇರ್'ಗೆ ಟಿಕ್ ಹಾಕ್ತಾರೆ. ಆಗ 11,904 ಹೊರಟು 11,880 ತಲುಪಬಹುದು. ಬೇರೆ ಸಮಯದಲ್ಲಾದರೆ 24 ಯೂರೋ ಹೋಗಲಿ ಬಿಡಿ ಅನ್ನಬಹುದು, ವೀಸಾ ಕಾಗದಕ್ಕೆ ಪೂರ್ತಿ ಮೊತ್ತವೇ ಬೇಕು. 'ಅವರ್' ಅಂತ ಬರೆಸಿ, ಮಧ್ಯದ ಖರ್ಚೂ ನಮ್ಮದೇ ಅಂತ. ಜೊತೆಗೆ ನಾಲ್ಕು ಕಾಸು ಹೆಚ್ಚೇ ಕಳಿಸಿ.

ಇಷ್ಟೆಲ್ಲ ಜೋರಾಗಿ ಹೇಳೋ ನಾನು ಒಮ್ಮೆ ಚೆನ್ನಾಗಿ ಬಿದ್ದಿದ್ದೀನಿ. 2016ರ ಫೆಬ್ರವರಿ. ಆಗ ನಾನಿದ್ದದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ರಾತ್ರಿ ಒಂದೂವರೆಗೆ ಅಕ್ಕನ ಫೋನು, ಬೆಂಗಳೂರಲ್ಲಿ ಬೆಳಗ್ಗೆ 7. ಅಪ್ಪನಿಗೆ ಎದೆನೋವು, ಸ್ಟೆಂಟ್ ಹಾಕಬೇಕು, ಅಡ್ವಾನ್ಸ್ ಕಟ್ಟಿ ಅಂತಿದ್ದಾರೆ. ದುಡ್ಡಿಗೆ ಕೊರತೆ ಇರಲಿಲ್ಲ. ಜಯನಗರದ ಒಂದು ಬ್ಯಾಂಕಿನ ನನ್ನ ಎನ್‌ಆರ್‌ಇ ಖಾತೆಯಲ್ಲಿ, ಅಂದರೆ ಹೊರದೇಶದ ದುಡಿಮೆ ತಂದು ಇಡೋ ಖಾತೆಯಲ್ಲಿ, ನಾಲ್ಕು ಲಕ್ಷ ಕೂತಿತ್ತು, ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ. ಲ್ಯಾಪ್‌ಟಾಪ್ ತೆಗೆದು ಪಾಸ್‌ವರ್ಡ್ ಹಾಕಿದೆ, ಒಟಿಪಿಗೆ ಕಾದೆ. ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಬರಲಿಲ್ಲ. ಇಂಡಿಯಾದ ಸಿಮ್ ವರ್ಷದಿಂದ ಡ್ರಾಯರ್‌ನಲ್ಲಿ ಬಿದ್ದಿತ್ತು, ರೀಚಾರ್ಜ್ ಮಾಡಿರಲಿಲ್ಲ. ಅಕ್ಕ ಆ ನಂಬರಿಗೆ ಫೋನ್ ಮಾಡಿ ನೋಡಿದರೆ ಹೊಸಪೇಟೆ ಕಡೆಯ ಯಾರೋ ಎತ್ತಿ, "ರಾಂಗ್ ನಂಬರ್ ಐತ್ರೀ ಯಕ್ಕಾ" ಅಂದರಂತೆ. ನನ್ನ ಒಟಿಪಿ ಅವರ ಮೊಬೈಲಿಗೆ ಹೋಗ್ತಿತ್ತು!

ಆ ಮನುಷ್ಯ ಒಳ್ಳೆಯವನಿರಬೇಕು, ಅಥವಾ ಅವನಿಗೆ ಅದೇನು ಅಂತ ಗೊತ್ತಾಗಲಿಲ್ಲ. ಅವತ್ತು ಅಡ್ವಾನ್ಸ್ ಕಟ್ಟಿದ್ದು ಇದೇ ಭಾವ, ಎಫ್‌ಡಿ ಮುರಿದು. ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ ಅವರು.

ಆಮೇಲೆ ಗೊತ್ತಾಯ್ತು, ನನ್ನ ಪರವಾಗಿ ಖಾತೆ ನಡೆಸೋಕೆ ಅಕ್ಕನ ಹೆಸರಿಗೆ ಮ್ಯಾಂಡೇಟ್ ಬರೆದುಕೊಟ್ಟಿದ್ದಿದ್ದರೆ ಅವಳೇ ಹೋಗಿ ಚೆಕ್ ಹಾಕಿ ತರಬಹುದಿತ್ತು. ಒಂದು ಫಾರಂ, ಎರಡು ಸಹಿ. ಅದಕ್ಕೇ ಈಗ ಯಾರು ಹೊರದೇಶಕ್ಕೆ ಹೊರಟರೂ ನಾನು ಬಟ್ಟೆ, ಉಪ್ಪಿನಕಾಯಿ ಬಗ್ಗೆ ಕೇಳಲ್ಲ. ಸಿಮ್ ಏನು ಮಾಡ್ತೀಯ, ಮ್ಯಾಂಡೇಟ್ ಯಾರಿಗೆ ಅಂತ ಕೇಳ್ತೀನಿ. ಓದೋಕೆ ಹೋದವರೂ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಲೆಕ್ಕದಲ್ಲಿ ಎನ್‌ಆರ್‌ಐಗಳೇ, ಇಲ್ಲಿಯ ಉಳಿತಾಯ ಖಾತೆಯನ್ನ ಎನ್‌ಆರ್‌ಐಗಳ ಎನ್‌ಆರ್‌ಒ ಖಾತೆ ಮಾಡಿಸಬೇಕು. ಎರಡು ವರ್ಷ ಮುಟ್ಟದೇ ಬಿಟ್ಟರೆ ಖಾತೆ ನಿಷ್ಕ್ರಿಯ. ಹೊರದೇಶದ ನಂಬರಿಗೇ ಯುಪಿಐ ಕೊಡ್ತೀವಿ ಅಂತ 2023ರಲ್ಲಿ ಹೇಳಿದರು ನಿಜ, ಆದರೆ ಆ ಮೊದಲ 10 ದೇಶಗಳ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ನಮ್ಮ ನಂಬರು ಜೀವಂತ ಇಟ್ಟುಕೊಳ್ಳೋದೇ ಕ್ಷೇಮ.

ಕಾರ್ಡಿನ ವಿಷಯಕ್ಕೆ ಒಂದೇ ಮಾತು ಹೇಳಿದೆ ಹುಡುಗಿಗೆ. ಎಟಿಎಂ ಆಗಲಿ ಅಂಗಡಿಯ ಮಷೀನಾಗಲಿ, ರೂಪಾಯಿಯಲ್ಲಿ ಕಟ್ ಮಾಡಲಾ ಅಂತ ಪ್ರೀತಿಯಿಂದ ಕೇಳುತ್ತೆ. ಬೇಡ ಅನ್ನು. ಯಾವ ನೆಲದ ಮೇಲೆ ನಿಂತಿದ್ದೀಯೋ ಆ ನೆಲದ ದುಡ್ಡಲ್ಲೇ ಕೊಡು. ನಾನು ಲೀಡ್ಸ್‌ನಿಂದ ರಜೆಗೆ ಬಂದಾಗ ಇಲ್ಲೇ ಬೆಂಗಳೂರಿನ ಮಾಲ್ ಒಂದರಲ್ಲಿ ಬ್ರಿಟನ್ ಕಾರ್ಡ್ ಕೊಟ್ಟರೆ ಮಷೀನು ಪೌಂಡಲ್ಲಿ ಕೊಡ್ತೀಯಾ ಅಂತ ಕೇಳಿತ್ತು. ಹೂಂ ಅಂದಿದ್ದೆ, ಪೆದ್ದ ನಾನು.

"ಮಾಮ, ನಮ್ಮ ವಾಟ್ಸ್ಯಾಪ್ ಗ್ರೂಪಲ್ಲಿ ಸೀನಿಯರ್ಸ್ ಇದ್ದಾರೆ. ಇಲ್ಲಿ ಅವರ ಮನೆಗೆ ರೂಪಾಯಿ ಕೊಟ್ರೆ ಅಲ್ಲಿ ನಂಗೆ ಯೂರೋ ಕೊಡ್ತಾರಂತೆ. ಗೂಗಲ್ ರೇಟಿಗೇ" ಅಂದಳು.

ಹೊಳೆಯೋ ಉಪಾಯ. ಲಂಡನ್ನಿನಲ್ಲಿದ್ದ ಇಬ್ಬರು ಎಸ್ಟೋನಿಯಾ ಗೆಳೆಯರಿಗೂ ಹೊಳೆದಿತ್ತು: ಒಬ್ಬನಿಗೆ ಸಂಬಳ ಯೂರೋದಲ್ಲಿ, ಖರ್ಚು ಪೌಂಡಲ್ಲಿ. ಇನ್ನೊಬ್ಬನಿಗೆ ಸಂಬಳ ಪೌಂಡಲ್ಲಿ, ಊರಲ್ಲಿ ಮನೆ ಸಾಲ ಯೂರೋದಲ್ಲಿ. ಅದಲು ಬದಲು ಮಾಡಿಕೊಂಡರು, 2011ರಲ್ಲಿ ಕಂಪನಿ ಮಾಡಿದರು, ಅದೇ ಇವತ್ತು ದೇಶದಿಂದ ದೇಶಕ್ಕೆ ದುಡ್ಡು ಕಳಿಸೋ ವೈಸ್. ಆದರೆ ಅವರು ಲೈಸೆನ್ಸ್ ತಗೊಂಡು ಮಾಡಿದ್ದು. ನಮ್ಮಲ್ಲಿ ಹೀಗೆ ಕೈಯಿಂದ ಕೈಗೆ ಮಾಡಿದರೆ ಫೆಮಾ ಉಲ್ಲಂಘನೆ, ಹವಾಲಾಕ್ಕೆ ಒಂದೇ ಗೇಣು. ಅದಕ್ಕಿಂತ ನನ್ನ ಭಯ ಬೇರೆ. ಓದು ಮುಗಿಸಿ ಬರೋ ಹೊತ್ತಿಗೆ ಇವಳು ಯೂರೋ ಕೊಟ್ಟು ಇಲ್ಲಿ ಭಾವನ ಖಾತೆಗೆ ರೂಪಾಯಿ ಹಾಕಿಸ್ತಾಳೆ ಅನ್ನಿ. ಆ ರೂಪಾಯಿ ಯಾರೋ ಸೈಬರ್ ವಂಚನೆಯಲ್ಲಿ ಕಳಕೊಂಡ ದುಡ್ಡಾಗಿರಬಹುದು. ಕಳಕೊಂಡವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ದುಡ್ಡಿನ ಜಾಡು ಹಿಡಿದು ಭಾವನ ಪೆನ್ಷನ್ ಖಾತೆಯೇ ಫ್ರೀಜ್. ಆಮೇಲೆ ಯಾವುದೋ ರಾಜ್ಯದ ಠಾಣೆಗೆ ಮೇಲ್ ಬರಕೊಂಡು ಕೂರೋದು. ಉಳಿಸೋದು ಎರಡು ಸಾವಿರ, ಕಳಕೊಳ್ಳೋದು ನಿದ್ದೆ.

ಸೋಮವಾರ ಭಾವ ಬ್ರ್ಯಾಂಚಿಗೆ ಹೋದರು. ನಾನು ಹೇಳಿಕೊಟ್ಟ ಪ್ರಶ್ನೆ ಒಂದೇ: "ಕಮಿಷನ್ ಎಷ್ಟು ಅಂತ ಬೇಡ ಸಾರ್. ಆ ಕಡೆ 11,904 ಪೂರ್ತಿ ಬೀಳಬೇಕು, ನನ್ನ ಖಾತೆಯಿಂದ ಒಟ್ಟು ಎಷ್ಟು ಹೋಗುತ್ತೆ, ಬರೆದುಕೊಡಿ." ಇನ್ನೊಂದು ಕಡೆಯ ದರವನ್ನೂ ತೋರಿಸಿದರಂತೆ. ಮ್ಯಾನೇಜರ್ ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು 102.40ನ್ನ 101.10 ಮಾಡಿದರು. ಐದೇ ನಿಮಿಷದಲ್ಲಿ ಹದಿನೈದು ಸಾವಿರ ಇಳೀತು! ಭಾವ ಅಲ್ಲೇ ಸಹಿ ಹಾಕಿಬಿಟ್ಟರು. ಇನ್ನೊಂದು ಕಡೆ ಇನ್ನೂ ಐದು ಸಾವಿರ ಕಮ್ಮಿ ಇತ್ತಲ್ಲ ಭಾವ ಅಂದರೆ, "ಇರಲಿ ಬಿಡೋ, ಮೂವತ್ತು ವರ್ಷದ ಪರಿಚಯ" ಅಂದರು.

ಅಕ್ಕ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ, ಇಪ್ಪತ್ತೆಂಟು ದಿನಕ್ಕೊಮ್ಮೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದಾಳೆ: 'ಪುಟ್ಟಿ ಸಿಮ್'.