ಝೇನ್ಸ್‌ವಿಲ್‌ನ ಶೆರಿಫ್ ಮೇಲಿನ ಸಿಟ್ಟು

ಹುಲಿ, ಸಿಂಹ, ಕರಡಿಗಳ ಕಳೇಬರಗಳನ್ನು ಒದ್ದೆ ನೆಲದ ಮೇಲೆ ಒತ್ತೊತ್ತಾಗಿ ಮಲಗಿಸಿರುವ ಒಂದು ಚಿತ್ರ ಆಗಾಗ ಸಾಮಾಜಿಕ ಜಾಲತಾಣಗಳಲ್ಲಿ ಮರುಹಂಚಿಕೆಯಾಗುತ್ತಿರುತ್ತದೆ. ಅದರ ಕೆಳಗೆ ಬರುವ ಮಾತುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು: ಅಮೆರಿಕದ ಪೊಲೀಸರಿಗೆ ಗುಂಡು ಹಾರಿಸುವುದಲ್ಲದೆ ಬೇರೇನೂ ಗೊತ್ತಿಲ್ಲ, ಅರಿವಳಿಕೆ ಮದ್ದು ಕೊಟ್ಟು ಹಿಡಿಯಬಹುದಿತ್ತಲ್ಲ, ಮೂಕಪ್ರಾಣಿಗಳು ಏನು ತಪ್ಪು ಮಾಡಿದ್ದವು. ಪ್ರಾಣಿಗಳು ಏನೂ ತಪ್ಪು ಮಾಡಿರಲಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ರಾತ್ರಿ ಬಂದೂಕು ಹಿಡಿದು ನಿಂತಿದ್ದವರ ಮೇಲೆ ನಾವು ಸುರಿಯುವ ಸಿಟ್ಟು ಅವರಿಗೆ ಸಲ್ಲಬೇಕಾದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಘಟನೆ ನಡೆದದ್ದು 2011ರ ಅಕ್ಟೋಬರ್ 18ರಂದು, ಒಹಾಯೊ ರಾಜ್ಯದ ಝೇನ್ಸ್‌ವಿಲ್ ಎಂಬ ಸಣ್ಣ ಊರಿನ ಹೊರವಲಯದಲ್ಲಿ. ಅಲ್ಲಿ ಸುಮಾರು 73 ಎಕರೆ ಜಮೀನಿನಲ್ಲಿ ಒಬ್ಬ ವ್ಯಕ್ತಿ ಖಾಸಗಿಯಾಗಿ 56 ಪ್ರಾಣಿಗಳನ್ನು ಸಾಕಿಕೊಂಡಿದ್ದ. ಅಕ್ರಮವಾಗಿ ಬಂದೂಕುಗಳನ್ನು ಇಟ್ಟುಕೊಂಡ ಅಪರಾಧಕ್ಕೆ ಶಿಕ್ಷೆ ಅನುಭವಿಸಿ, ಕೆಲವೇ ವಾರಗಳ ಹಿಂದೆ ಬಿಡುಗಡೆಯಾಗಿದ್ದ ಅವನು ಅಂದು ಬೋನುಗಳ ಬಾಗಿಲನ್ನು ತೆರೆದು, ಕೆಲವು ಬೋನುಗಳ ಜಾಲರಿಯನ್ನು ಕತ್ತರಿಸಿ, ಆಮೇಲೆ ತನ್ನ ಪ್ರಾಣವನ್ನೂ ಕಳೆದುಕೊಂಡ. ಸಂಜೆ ಐದರ ಹೊತ್ತಿಗೆ ನೆರೆಯವರಿಂದ ಶೆರಿಫ್ ಕಚೇರಿಗೆ ಕರೆ ಹೋಯಿತು. ಶೆರಿಫ್ ಎಂದರೆ ಅಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಮಟ್ಟದಲ್ಲಿ ಜನರೇ ಚುನಾಯಿಸುವ ಪೊಲೀಸ್ ಮುಖ್ಯಸ್ಥ; ಮಸ್ಕಿಂಗಮ್ ಕೌಂಟಿಯಲ್ಲಿ ಆಗ ಆ ಸ್ಥಾನದಲ್ಲಿದ್ದವರು ಮ್ಯಾಟ್ ಲಟ್ಜ್. ಅವರ ಸಿಬ್ಬಂದಿ ಸ್ಥಳ ತಲುಪುವಷ್ಟರಲ್ಲಿ ಸಿಂಹಗಳೂ ಕರಡಿಗಳೂ ಬೇಲಿಯ ಬಳಿ ಅಡ್ಡಾಡುತ್ತಿದ್ದವು. ಸೂರ್ಯಾಸ್ತಕ್ಕೆ ಉಳಿದಿದ್ದದ್ದು ಹೆಚ್ಚೆಂದರೆ ಎರಡು ಗಂಟೆ. ಪಕ್ಕದಲ್ಲಿ ಮನೆಗಳಿದ್ದವು, ಸಮೀಪದಲ್ಲೇ ವಾಹನಗಳು ಎಡೆಬಿಡದೆ ಓಡುವ 70ನೇ ಸಂಖ್ಯೆಯ ಅಂತರರಾಜ್ಯ ಹೆದ್ದಾರಿ ಹಾದುಹೋಗುತ್ತಿತ್ತು.

ಜಮೀನನ್ನು ದಾಟಿ ಹೋಗಲು ಯಾವ ಪ್ರಾಣಿಯನ್ನೂ ಬಿಡಬಾರದು, ಕಂಡಲ್ಲಿ ಕೊಲ್ಲಬೇಕು ಎಂದು ಲಟ್ಜ್ ಆದೇಶಿಸಿದರು. ಮೊದಲು ಸ್ಥಳ ತಲುಪಿದ ಕೆಲವರು ಸೊಂಟದ ಪಿಸ್ತೂಲಿನಿಂದಲೇ, ತೀರ ಹತ್ತಿರದಿಂದ ಗುಂಡು ಹಾರಿಸಬೇಕಾಯಿತು. ಸತ್ತವುಗಳಲ್ಲಿ 18 ಬಂಗಾಳ ಹುಲಿಗಳೂ 17 ಸಿಂಹಗಳೂ ಇದ್ದವು. ಉಳಿದವು ಕರಡಿ, ಪ್ಯೂಮಾ, ತೋಳಗಳು ಮತ್ತು ಒಂದು ಬಬೂನ್. ಬೋನಿನಲ್ಲೇ ಉಳಿದಿದ್ದ 3 ಚಿರತೆಗಳು, 1 ಗ್ರಿಜ್ಲಿ ಕರಡಿ ಮತ್ತು 2 ಕೋತಿಗಳು ಮಾತ್ರ ಬದುಕಿಕೊಂಡು ಕೊಲಂಬಸ್ ಮೃಗಾಲಯವನ್ನು ಸೇರಿದವು. ಅದಕ್ಕೆ ಹಿಂದಿನ ವರ್ಷವಷ್ಟೇ ಭಾರತದ ಕಾಡುಗಳಲ್ಲಿ 1706 ಹುಲಿಗಳಿವೆಯೆಂದು ಅಂದಾಜು ಮಾಡಲಾಗಿತ್ತು. ಹೀಗಿರುವಾಗ ಒಂದೇ ರಾತ್ರಿ 18 ಹುಲಿಗಳು ಸತ್ತ ಸುದ್ದಿ ನಮ್ಮ ಕರುಳನ್ನು ಹಿಂಡಿದ್ದು ಸಹಜವೇ.

ಅರಿವಳಿಕೆಯ ಪ್ರಶ್ನೆಗೆ ಬರೋಣ. ಸಿನಿಮಾದಲ್ಲಿ ತೋರಿಸುವಂತೆ ಡಾರ್ಟ್, ಅಂದರೆ ಅರಿವಳಿಕೆ ಮದ್ದು ತುಂಬಿದ ಚುಚ್ಚುಬಾಣ, ತಗುಲಿದ ಕೂಡಲೇ ಪ್ರಾಣಿ ನೆಲಕ್ಕೆ ಬೀಳುವುದಿಲ್ಲ. ತೂಕವನ್ನು ಅಂದಾಜಿಸಿ ಮದ್ದಿನ ಪ್ರಮಾಣವನ್ನು ನಿರ್ಧರಿಸಬೇಕು, ಸಾಕಷ್ಟು ಹತ್ತಿರದಿಂದ ಗುರಿಯಿಟ್ಟು ಸ್ನಾಯುವಿಗೇ ನೆಡುವಂತೆ ಹೊಡೆಯಬೇಕು, ಮದ್ದು ಏರುವವರೆಗೆ ಹಲವು ನಿಮಿಷ ಕಾಯಬೇಕು. ಗಾಬರಿಗೊಂಡು ಕೆರಳಿದ ಪ್ರಾಣಿಯಲ್ಲಿ ಅದು ಇನ್ನೂ ತಡವಾಗುತ್ತದೆ. ಆ ನಡುವೆ ಪ್ರಾಣಿಯನ್ನು ಕಣ್ಣಿನಿಂದ ತಪ್ಪಿಸಿಕೊಳ್ಳಲು ಬಿಡುವಂತಿಲ್ಲ. ಮರಗಳ ನಡುವಿನ ಕತ್ತಲೆಯಲ್ಲಿ ಇದು ಹೇಗೆ ಸಾಧ್ಯವೆಂಬುದನ್ನು ಟೀಕಿಸುವವರೇ ಹೇಳಬೇಕು. ಝೇನ್ಸ್‌ವಿಲ್‌ನಲ್ಲಿ ಈ ಪ್ರಯತ್ನವೇ ನಡೆಯಲಿಲ್ಲವೆಂಬುದೂ ನಿಜವಲ್ಲ. ಪಶುವೈದ್ಯೆಯೊಬ್ಬರು ಒಂದು ಹುಲಿಗೆ ಡಾರ್ಟ್ ಹೊಡೆದರು; ಅದರ ಏಟಿನಿಂದ ಕೆರಳಿ ಮೇಲೆದ್ದ ಆ ಹುಲಿಯನ್ನು ಜೊತೆಗಿದ್ದವರು ಕೊನೆಗೆ ಗುಂಡಿಟ್ಟೇ ಕೊಲ್ಲಬೇಕಾಯಿತು. ಬೆಂಗಳೂರಿನವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಫೆಬ್ರವರಿ 7ರ ಭಾನುವಾರ ಕುಂದಲಹಳ್ಳಿಯ ಶಾಲೆಯೊಂದಕ್ಕೆ ನುಗ್ಗಿದ ಒಂದೇ ಒಂದು ಚಿರತೆಯನ್ನು ಹಿಡಿಯಲು ಅರಣ್ಯ ಇಲಾಖೆ, ಪೊಲೀಸರು, ವನ್ಯಜೀವಿ ತಜ್ಞರು ಎಲ್ಲರೂ ಸೇರಿಯೂ ರಾತ್ರಿಯಾಯಿತು, ಹಲವರು ಗಾಯಗೊಂಡರು. ಅದು ಗೋಡೆಗಳಿದ್ದ, ಮಕ್ಕಳಿಲ್ಲದ ಕಟ್ಟಡ. ಝೇನ್ಸ್‌ವಿಲ್‌ನಲ್ಲಿದ್ದದ್ದು ಬಯಲು, ಮತ್ತು ಹತ್ತಾರು ಪ್ರಾಣಿಗಳು.

ಚಿತ್ರವನ್ನು ಹಂಚುವವರು ಹೇಳದೆ ಬಿಡುವ ಸಂಗತಿಯೂ ಇದೆ. ಆ ಊರು ಆ ರಾತ್ರಿ ತನ್ನ ಕೈಲಾದ ಕೆಲಸಗಳನ್ನೆಲ್ಲ ಅಚ್ಚುಕಟ್ಟಾಗಿ ಮಾಡಿತು. ಹೆದ್ದಾರಿಯ ವಿದ್ಯುತ್ ಫಲಕಗಳ ಮೇಲೆ, ಅಪಾಯಕಾರಿ ಪ್ರಾಣಿಗಳಿವೆ, ವಾಹನದಿಂದ ಇಳಿಯಬೇಡಿ ಎಂಬ ಎಚ್ಚರಿಕೆ ಮೂಡಿತು. ಜನ ಮನೆಯೊಳಗೇ ಉಳಿದರು, ಮರುದಿನ ಶಾಲೆಗಳಿಗೆ ರಜೆ ಕೊಡಲಾಯಿತು, ಮೃಗಾಲಯದ ಸಿಬ್ಬಂದಿ ಬಂದು ಶೆರಿಫ್‌ನೊಂದಿಗೆ ನಿಂತರು. ನೆರೆಹೊರೆಯ ಒಬ್ಬರಿಗೂ ಗಾಯವಾಗಲಿಲ್ಲ. ನಮ್ಮಲ್ಲಾದರೆ ಮೊಬೈಲ್ ಹಿಡಿದ ಜನಸಾಗರ ಅಲ್ಲಿ ನೆರೆಯುತ್ತಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಹಾಗಾದರೆ ತಪ್ಪು ಯಾರದು? ಬಾಗಿಲು ತೆರೆದವನದು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಮನುಷ್ಯನ ವಿಷಯ ಆಡಳಿತಕ್ಕೆ ಹೊಸದಾಗಿರಲಿಲ್ಲ. 2005ರಲ್ಲೇ ಪ್ರಾಣಿಹಿಂಸೆಯ ಪ್ರಕರಣದಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನವಾಗಿತ್ತು. ಪ್ರಾಣಿಗಳು ತಪ್ಪಿಸಿಕೊಂಡು ಅಲೆಯುತ್ತಿವೆಯೆಂದು ನೆರೆಯವರು ವರ್ಷಗಳಿಂದ ದೂರುತ್ತಿದ್ದರು, ಶೆರಿಫ್ ಕಚೇರಿಯವರು ಹೋಗಿ ನೋಡಿಯೂ ಬರುತ್ತಿದ್ದರು. ನೋಡಿ ಬರುವುದಕ್ಕಿಂತ ಹೆಚ್ಚಿನದನ್ನು ಮಾಡಲು ಅವರ ಕೈಯಲ್ಲಿ ಕಾನೂನಿರಲಿಲ್ಲ, ಏಕೆಂದರೆ ಹುಲಿ ಸಿಂಹಗಳನ್ನು ಖಾಸಗಿಯಾಗಿ ಸಾಕುವುದರ ಮೇಲೆ ಹಿಡಿತವೇ ಇಲ್ಲದ ರಾಜ್ಯಗಳಲ್ಲಿ ಒಹಾಯೊ ಕೂಡ ಒಂದಾಗಿತ್ತು. 2010ರಲ್ಲಿ ಅದೇ ರಾಜ್ಯದಲ್ಲಿ ಖಾಸಗಿಯವರು ಸಾಕಿದ್ದ ಕರಡಿಯೊಂದು ತನ್ನನ್ನು ನೋಡಿಕೊಳ್ಳುತ್ತಿದ್ದ ಯುವಕನನ್ನೇ ಕೊಂದಿತ್ತು. 2011ರ ಜನವರಿಯಲ್ಲಿ, ಅಧಿಕಾರ ಬಿಡುವ ಹೊತ್ತಿಗೆ, ಗವರ್ನರ್ ಟೆಡ್ ಸ್ಟ್ರಿಕ್‌ಲ್ಯಾಂಡ್ ಅಂಥ ಪ್ರಾಣಿಗಳ ಸಾಕಣೆಯನ್ನು ನಿರ್ಬಂಧಿಸುವ ತುರ್ತು ಆದೇಶ ಹೊರಡಿಸಿದರು. ಅವರ ನಂತರ ಬಂದ ಜಾನ್ ಕೇಸಿಕ್ ಅವರ ಆಡಳಿತದಲ್ಲಿ ಏಪ್ರಿಲ್‌ನಲ್ಲಿ ಅದರ ಅವಧಿ ಮುಗಿಯಿತು, ಯಾರೂ ಅದನ್ನು ಮುಂದುವರಿಸಲಿಲ್ಲ. ಆರು ತಿಂಗಳ ನಂತರ ಬೋನುಗಳು ತೆರೆದುಕೊಂಡವು. ಅಲ್ಲಿ ಗುಂಡು ಹಾರಿಸಿದ ಸಿಬ್ಬಂದಿ, ಶಾಸನಸಭೆ ಮಾಡದೆ ಬಿಟ್ಟ ಕೆಲಸವನ್ನು ಅತ್ಯಂತ ಕೆಟ್ಟ ರೀತಿಯಲ್ಲಿ ಪೂರೈಸಬೇಕಾಗಿ ಬಂದವರು.

ಇದಕ್ಕಿಂತ ಬೇಸರ ತರಿಸುವುದು ಮುಂದಿನ ಸಂಗತಿ. ಮೃಗಾಲಯಕ್ಕೆ ಹೋದ ಆರರಲ್ಲಿ ಒಂದು ಚಿರತೆ ಅಲ್ಲಿಯೇ ಬಾಗಿಲಿನ ಅವಘಡದಲ್ಲಿ ಗಾಯಗೊಂಡು ಸತ್ತಿತು. ಉಳಿದ ಐದನ್ನು 2012ರ ಮೇ ತಿಂಗಳಲ್ಲಿ ಅದೇ ಜಮೀನಿಗೆ, ಮಾಲೀಕನ ಪತ್ನಿಗೆ ಹಿಂತಿರುಗಿಸಲಾಯಿತು. ತಡೆಯುವ ಕಾನೂನು ಆಗಲೂ ಇರಲಿಲ್ಲ. ಜೂನ್‌ನಲ್ಲಿ ಕೊನೆಗೂ ಕೇಸಿಕ್ ಮಸೂದೆಗೆ ಸಹಿ ಹಾಕಿದರು. ಅಪಾಯಕಾರಿ ಪ್ರಾಣಿಗಳನ್ನು ನೋಂದಾಯಿಸಬೇಕು, ಅವುಗಳಿಗೆ ಮೈಕ್ರೋಚಿಪ್ ಅಳವಡಿಸಬೇಕು, ವಿಮೆ ಮಾಡಿಸಬೇಕು, ಪ್ರಾಣಿ ತಪ್ಪಿಸಿಕೊಂಡರೆ ತಡಮಾಡದೆ ಪೊಲೀಸರಿಗೂ ಇಲಾಖೆಗೂ ತಿಳಿಸಬೇಕು ಎಂದು ಅದು ವಿಧಿಸಿತು. ಕೆಲವು ಮಾಲೀಕರು ಫೆಡರಲ್ ನ್ಯಾಯಾಲಯಕ್ಕೆ ಹೋದರು, ಸೋತರು. ಅವರಲ್ಲಿ ಪ್ರಾಣಿಗಳನ್ನು ಮಮತೆಯಿಂದಲೇ ಸಾಕಿದ್ದವರೂ ಇದ್ದಿರಬಹುದು, ಆದರೆ ಮಮತೆಯಿಂದ ಬೇಲಿ ಗಟ್ಟಿಯಾಗುವುದಿಲ್ಲ. ಹುಲಿ, ಸಿಂಹಗಳಂಥ ದೊಡ್ಡ ಬೆಕ್ಕುಗಳ ಖಾಸಗಿ ಸಾಕಣೆಯನ್ನು ನಿಯಂತ್ರಿಸುವ ಕಾಯ್ದೆ ಇಡೀ ಅಮೆರಿಕಕ್ಕೆ ಬರಲು 2022ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಎಲ್ಲಿ ಯಾವ ಪ್ರಾಣಿಯಿದೆಯೆಂಬ ಪಟ್ಟಿಯೊಂದಿದ್ದರೆ ಸಾಲದು, ಅದು ನಂಬಿಕೆಗೆ ಅರ್ಹವಾಗಿಯೂ ಇರಬೇಕೆಂಬುದನ್ನು ಜಾರ್ಜಿಯಾ ದೇಶದ ಟಿಬಿಲಿಸಿ ತೋರಿಸಿತು. 2015ರ ಜೂನ್‌ನಲ್ಲಿ ವೇರೆ ನದಿಯ ಪ್ರವಾಹಕ್ಕೆ ಅಲ್ಲಿನ ಮೃಗಾಲಯ ಒಡೆದು ಪ್ರಾಣಿಗಳು ನಗರಕ್ಕೆ ಬಂದವು. ಬೀದಿಗೆ ಬಂದ ನೀರಾನೆಯನ್ನು ಡಾರ್ಟ್ ಹೊಡೆದೇ ಹಿಡಿದರು. ಅಪಾಯಕಾರಿ ಪ್ರಾಣಿಗಳಾವುವೂ ಹೊರಗಿಲ್ಲವೆಂಬ ಭರವಸೆಯೂ ಜನರಿಗೆ ಸಿಕ್ಕಿತು. ಅದಾದ ಮೇಲೆ, ಗೋದಾಮೊಂದರಲ್ಲಿ ಅಡಗಿದ್ದ ಬಿಳಿ ಹುಲಿ ಒಬ್ಬ ಮನುಷ್ಯನನ್ನು ಕೊಂದಿತು.

ನಮ್ಮ ಕಡೆ ಖಾಸಗಿ ಹುಲಿ ಸಾಕಣೆಗೆ ಅವಕಾಶವಿಲ್ಲ, ಆದ್ದರಿಂದ ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನುವವರು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಸುದ್ದಿಗಳನ್ನು ಗಮನಿಸಬೇಕು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 234 ವನ್ಯಜೀವಿಗಳು ಸಿಕ್ಕವು. ಹೆಬ್ಬಾವು, ಇಗ್ವಾನಾ, ಮೊಸಳೆ ಜಾತಿಯ ಅಲಿಗೇಟರ್ ಮರಿಗಳ ಜೊತೆಗೆ ಸತ್ತ ಕಾಂಗರೂ ಮರಿಯೂ ಅದರಲ್ಲಿತ್ತು. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡಗಳು. ಇವು ಸಿಕ್ಕಿಬಿದ್ದವು. ಸಿಕ್ಕಿಬೀಳದೆ ಹೋದವು ಯಾರ ಮನೆಯ ಗಾಜಿನ ಪೆಟ್ಟಿಗೆಯಲ್ಲಿವೆ? 2022ರ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಬರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಇದು ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಆದರೆ ಆ ವಿವರ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಯಲ್ಲೇ ಉಳಿದರೆ ಬಡಾವಣೆಯ ಪೊಲೀಸ್ ಠಾಣೆಗೂ ಅಗ್ನಿಶಾಮಕ ದಳದವರಿಗೂ ಅದರಿಂದ ಪ್ರಯೋಜನವಿಲ್ಲ. ಯಾವ ಮನೆಯಲ್ಲಿ ಏನಿದೆಯೆಂಬುದು ಬಾಗಿಲು ಒಡೆದು ಒಳಗೆ ಹೋಗುವವರಿಗೆ ಮೊದಲು ತಿಳಿದಿರಬೇಕು. ಆಸ್ಪತ್ರೆಗಳಿಗೂ ತಿಳಿದಿರಬೇಕು, ಏಕೆಂದರೆ ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಚುಚ್ಚುಮದ್ದನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸಲಾಗುತ್ತದೆ; ಯಾರೋ ಶೋಕಿಗೆ ತರಿಸಿಕೊಂಡ ಆಫ್ರಿಕಾದ ವಿಷದ ಹಾವು ಪಕ್ಕದ ಮನೆಯ ಮಗುವನ್ನು ಕಚ್ಚಿದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.