ಸತ್ಯಾಂಶ: ರೆಗೆ ಹುಟ್ಟಿಸಿದ್ದು ಬಾಬ್ ಮಾರ್ಲಿ ಒಬ್ಬರೇ ಅಲ್ಲ

ಮಂಗಳೂರಿನ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಿದೆ: "ರೆಗೆ ಸಂಗೀತವನ್ನು ಬಾಬ್ ಮಾರ್ಲಿ ಒಬ್ಬರೇ ಹುಟ್ಟುಹಾಕಿದರು." ಇದು ನಿಜವಲ್ಲ. ರೆಗೆ ಜಮೈಕಾದ ಒಂದು ಸಂಗೀತ ಶೈಲಿ, ಮಾರ್ಲಿ ಅದರ ಹೆಸರಾಂತ ಗಾಯಕ.

1950ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು, ಅಮೆರಿಕದ ರೆಕಾರ್ಡ್ ಹಾಕಿ ಜನರನ್ನು ಕುಣಿಸುತ್ತಿದ್ದರು. ನಮ್ಮಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ಮನೆಯಂಗಳಕ್ಕೆ ಸೌಂಡ್ಸ್‌ನವರು ಬರುವ ಹಾಗೆ. ಆಮೇಲೆ ಜಮೈಕಾದ ಆ ಸೌಂಡ್ಸ್‌ನವರೇ ಹಾಡು ರೆಕಾರ್ಡ್ ಮಾಡತೊಡಗಿದರು. ಮೊದಲು ಬಂದದ್ದು ಸ್ಕಾ ಎಂಬ ಶೈಲಿ, ಜಾಸ್ತಿ ವೇಗದ್ದು. 1966ರ ಹೊತ್ತಿಗೆ ವೇಗ ಇಳಿದು ರಾಕ್‌ಸ್ಟೆಡಿ ಆಯಿತು. 1968ರ ಸುಮಾರಿಗೆ ರೆಗೆ. ಆ ವರ್ಷದ ಮೇಟಲ್ಸ್ ತಂಡದ ಹಾಡೊಂದರಲ್ಲಿ ಈ ಹೆಸರೇ ಇದೆ.

ಮನೆಯಲ್ಲಿ ಗಿಟಾರ್ ಇದ್ದರೆ ಹಿಡಿದು ನೋಡಿ. ನಾಲ್ಕರವರೆಗೆ ಎಣಿಸಿ. ಎರಡಕ್ಕೆ, ನಾಲ್ಕಕ್ಕೆ ಮಾತ್ರ ತಂತಿ ಮೀಟಿ ಕೂಡಲೇ ಅದುಮಿ. ಡ್ರಮ್ ಬೀಳುವುದು ಮೂರಕ್ಕೆ. ಒಂದಕ್ಕೆ ಏನೂ ಇಲ್ಲ, ಖಾಲಿ. ಆ ಖಾಲಿ ಜಾಗದಲ್ಲೇ ರೆಗೆಯ ಸೊಗಸು ಇರುವುದು. ಎಷ್ಟೋ ಸ್ಟುಡಿಯೋ ಕಲಾವಿದರು ಸೇರಿ ಕಂಡುಕೊಂಡ ತಾಳ ಇದು. ಅವರನ್ನೆಲ್ಲ ಮರೆಯುವುದು ನ್ಯಾಯ ಅಲ್ಲ ಅಲ್ವಾ?

ಮಾರ್ಲಿಯೂ ಸ್ಕಾ ಹಾಡಿಯೇ ಬೆಳೆದವರು, ಪೀಟರ್ ಟಾಶ್ ಮತ್ತು ಬನ್ನಿ ವೇಲರ್ ಜೊತೆಗೆ. 1973ರಿಂದ ಲಂಡನ್ನಿನ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿ ಮಾರ್ಲಿಯವರ ಆಲ್ಬಮ್‌ಗಳನ್ನು ದೇಶದೇಶಗಳಿಗೆ ತಲುಪಿಸಿತು. ಬ್ರಿಟನ್ನಿಗೆ ವಲಸೆ ಹೋದ ಜಮೈಕನ್ನರು ಅದಕ್ಕೂ ಮೊದಲೇ ಈ ಸಂಗೀತವನ್ನು ಅಲ್ಲಿಗೆ ಒಯ್ದಿದ್ದರು.