ಸವರಿದ ಮಲ್ಲಿಗೆ ಚಿಗುರಿದಾಗ

ವಸಂತದಲ್ಲಿ ಗಿಡಗಳ ನಡುವೆ ಕಳೆಯುವ ಹೊತ್ತು ಮನಸ್ಸನ್ನು ತಿಳಿಗೊಳಿಸುತ್ತದೆ ಎಂಬ ಮಾತನ್ನು ನಾನು ಅನುಭವದಿಂದ ಒಪ್ಪುತ್ತೇನೆ. ಅಮ್ಮ ತೀರಿಕೊಂಡ ವರ್ಷ, ಅವರು ನೆಟ್ಟ ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ಮೊದಲ ಬಾರಿಗೆ ನಾನೇ ಸವರಬೇಕಾಯಿತು. ನೆಲದಿಂದ ಒಂದೂವರೆ ಅಡಿಯಷ್ಟೇ ಉಳಿಸಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಹಾಕುವಾಗ ಅವರ ಗಿಡವನ್ನು ನಾನೇ ಕೊಲ್ಲುತ್ತಿದ್ದೇನೆಯೋ ಎಂಬ ಅಳುಕಿತ್ತು. ಮಲ್ಲಿಗೆ ಮೊಗ್ಗು ಕಟ್ಟುವುದು ಹಳೆಯ ರೆಂಬೆಯಲ್ಲಲ್ಲ, ಹೊಸ ಚಿಗುರಿನಲ್ಲಿ ಎಂದು ಅವರು ಹೇಳುತ್ತಿದ್ದುದು ಮಾತ್ರ ನೆನಪಿನಲ್ಲಿತ್ತು. ಯುಗಾದಿಯ ವೇಳೆಗೆ, ಬೀದಿಯ ಬೇವು ಹೂ ಬಿಟ್ಟ ದಿನಗಳಲ್ಲಿ, ಗಿಡದ ತುಂಬ ಮೊಗ್ಗು ಕಂಡಿತು. ಸಂಜೆ ಅವು ಬಿರಿಯುವ ಮುನ್ನ ಬಿಡಿಸುತ್ತಿದ್ದಾಗ, ಅಲ್ಲಿಯವರೆಗೆ ಯಾರೆದುರೂ ಬಾರದ ಅಳು ಬಂತು. ಈಗಲೂ ಪ್ರತಿ ವರ್ಷದ ಮೊದಲ ಬೊಗಸೆ ಮೊಗ್ಗನ್ನು ಕಟ್ಟಿ ಅವರ ಪಟಕ್ಕೆ ಹಾಕುತ್ತೇನೆ.